ಬೆಂಚ್‌ನಲ್ಲಿ ಕೂತವರ ತಪ್ಪೇನು?

ನಮಸ್ಕಾರ. ಇವತ್ತು ಬೆಂಚ್ ಬಗ್ಗೆ ಮಾತಾಡಬೇಕು. ಐಟಿ ಸರ್ವಿಸಸ್, ಕನ್ಸಲ್ಟಿಂಗ್ ಕಂಪನಿಗಳಲ್ಲಿ ಇರುವವರಿಗೆ ಈ ಪದ ಕೇಳಿದರೆ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ಒಂದು ಪ್ರಾಜೆಕ್ಟ್ ಮುಗಿದು ಇನ್ನೊಂದು ಸಿಗುವವರೆಗೆ ಕಾಯುವುದಕ್ಕೆ ಬೆಂಚ್ ಅನ್ನುತ್ತಾರೆ. ನಾನು ಹನ್ನೊಂದು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಮೂರು ಸಲ ಬೆಂಚ್‌ನಲ್ಲಿ ಕೂತಿದ್ದೇನೆ.

ಮೊದಲನೇ ಸಲ ಅಮ್ಮನಿಗೆ ಫೋನ್ ಮಾಡಿ ಹೇಳಿದೆ: "ಪ್ರಾಜೆಕ್ಟ್ ಮುಗೀತಮ್ಮ, ಸದ್ಯಕ್ಕೆ ಕೆಲಸ ಇಲ್ಲ. ಸಂಬಳ ಬರತ್ತೆ, ಹೆದರಬೇಡ." ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, "ಕೆಲ್ಸಾನೇ ಇಲ್ಲ ಅಂದ್ರೆ ಸಂಬಳ ಯಾಕೆ ಕೊಡ್ತಾರಪ್ಪ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಏಳು ವಾರ ಆ ಪ್ರಶ್ನೆಯನ್ನೇ ಹೊತ್ತುಕೊಂಡು ಆಫೀಸಿಗೆ ಹೋದೆ. ಪುಕ್ಕಟೆ ಊಟ ಮಾಡುತ್ತಿದ್ದೇನೆ ಅನ್ನಿಸುತ್ತಿತ್ತು. ಕ್ಯಾಂಟೀನ್‌ನಲ್ಲಿ ಹಳೇ ಟೀಮಿನವರು ಕಂಡರೆ ಬೇರೆ ಸಾಲಿನಲ್ಲಿ ನಿಲ್ಲುತ್ತಿದ್ದೆ.

ಈಗ ಉತ್ತರ ಗೊತ್ತಿದೆ. ಅದನ್ನು ಹೇಳುವುದಕ್ಕೇ ಈ ವಿಡಿಯೋ.

ಈ ಕಂಪನಿಗಳು ಏನು ಮಾರುತ್ತವೆ? ಸಾಫ್ಟ್‌ವೇರ್ ಮಾರುತ್ತವೆ ಅಂತ ನಮ್ಮ ಊರಿನವರು ಅಂದುಕೊಂಡಿದ್ದಾರೆ. ನಿಜವಾಗಿ ಜಾಸ್ತಿ ಮಾರುವುದು ನಮ್ಮ ಹೊತ್ತನ್ನು. ಅಮೆರಿಕದ ಒಂದು ಬ್ಯಾಂಕಿಗೆ ಹತ್ತು ಜನ ಬೇಕು ಅಂತಿಟ್ಟುಕೊಳ್ಳಿ. ಗಂಟೆಗೆ ಇಷ್ಟು ಡಾಲರ್ ಅಂತ ಒಪ್ಪಂದ ಆಗುತ್ತದೆ. ನಮಗೆ ಸಿಗುವುದು ತಿಂಗಳ ಸಂಬಳ. ಕ್ಲೈಂಟ್ ಕೊಡುವುದು ಗಂಟೆಯ ಬಾಡಿಗೆ. ನಡುವಿನ ದುಡ್ಡಿನಲ್ಲಿ ಆಫೀಸು, ಬಸ್ಸು, ಟ್ರೈನಿಂಗ್, ಲಾಭ ಎಲ್ಲವೂ ಬರಬೇಕು. ಬೆಂಚ್‌ನ ಖರ್ಚು ಕೂಡ ಅಲ್ಲಿಂದಲೇ ಬರಬೇಕು.

ನಮ್ಮ ಸೋದರಮಾವನ ಹತ್ತಿರ ಭತ್ತ ಕಟಾವು ಮಾಡುವ ಮೆಷಿನ್ ಇದೆ. ದಾವಣಗೆರೆ ಹತ್ತಿರ ಭದ್ರಾ ಕಾಲುವೆಯ ಊರು. ಕಟಾವಿನ ದಿನಗಳಲ್ಲಿ ಆ ಮೆಷಿನ್‌ಗೆ ಬಿಡುವೇ ಇಲ್ಲ, ರಾತ್ರಿ ಲೈಟ್ ಹಾಕಿಕೊಂಡು ಓಡುತ್ತದೆ. ಉಳಿದ ತಿಂಗಳು ಮನೆ ಹಿಂದೆ ತಗಡಿನ ಕೆಳಗೆ ನಿಂತಿರುತ್ತದೆ. ಸಾಲದ ಕಂತು ಮಾತ್ರ ಹನ್ನೆರಡು ತಿಂಗಳೂ ಕಟ್ಟಬೇಕು. ಮಾವ ಬಾಡಿಗೆ ಹೇಳುವಾಗಲೇ ನಿಂತ ತಿಂಗಳುಗಳನ್ನೂ ಲೆಕ್ಕ ಹಾಕಿರುತ್ತಾರೆ. ಮೆಷಿನ್ ಸುಮ್ನೆ ನಿಂತಿದೆ ಅಂತ ಅವರು ಅದನ್ನು ಬೈದಿದ್ದನ್ನು ನಾನು ನೋಡಿಲ್ಲ.

ಕಂಪನಿಗಳೂ ಹೀಗೇ ಲೆಕ್ಕ ಹಾಕಿರುತ್ತವೆ. ಅದು ಗುಟ್ಟೂ ಅಲ್ಲ. ಯುಟಿಲೈಸೇಶನ್ ಅಂತ ಒಂದು ಅಂಕಿ ಇದೆ: ಇರುವ ಜನರ ಹೊತ್ತಿನಲ್ಲಿ ಎಷ್ಟು ಪಾಲು ಕ್ಲೈಂಟ್‌ಗೆ ಬಿಲ್ ಆಯಿತು ಅಂತ. ಇನ್ಫೋಸಿಸ್ ಇದನ್ನು ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. ಟ್ರೈನಿಂಗ್‌ನಲ್ಲಿರುವವರನ್ನು ಬಿಟ್ಟು ನೋಡಿದರೆ ಇತ್ತೀಚಿನ ವರ್ಷಗಳಲ್ಲಿ ಅದು ಶೇಕಡಾ 80ರಿಂದ 90ರ ನಡುವೆ ಇದೆ. ಅಂದರೆ ಚೆನ್ನಾಗಿ ನಡೆಯುವ ಕಂಪನಿಯಲ್ಲೂ ನೂರು ಗಂಟೆಯಲ್ಲಿ ಹತ್ತಿಪ್ಪತ್ತು ಗಂಟೆ ಬಿಲ್ ಆಗುವುದಿಲ್ಲ. ಆಗಲೂ ಬಾರದು. ನಾಳೆ ಹೊಸ ಕ್ಲೈಂಟ್ ಬಂದು "ಮುಂದಿನ ಸೋಮವಾರ ಇಪ್ಪತ್ತು ಜನ ಬೇಕು" ಅಂದರೆ ಎಲ್ಲಿಂದ ತರುತ್ತಾರೆ? ಬೆಂಚ್‌ನಿಂದ, ಅಲ್ವಾ? ಹಾಗಾಗಿ ಬೆಂಚ್‌ನಲ್ಲಿ ಕೂತವರೂ ಕಂಪನಿಯ ಕೆಲಸವನ್ನೇ ಮಾಡುತ್ತಿರುತ್ತಾರೆ. ಅಮ್ಮನ ಪ್ರಶ್ನೆಗೆ ಇದೇ ಉತ್ತರ.

ಆದರೆ ಒಳಗೆ ನಮ್ಮನ್ನು ನಡೆಸಿಕೊಳ್ಳುವ ರೀತಿ ಬೇರೆ. ಎರಡನೇ ಸಲ ನಾನು ಬೆಂಚ್‌ಗೆ ಬಂದಿದ್ದು ಕ್ಲೈಂಟ್ ಬಜೆಟ್ ಕಡಿಮೆ ಮಾಡಿದ್ದಕ್ಕೆ. ಟೀಮಿನ ಅರ್ಧ ಜನರನ್ನು ಒಂದೇ ದಿನ ಪ್ರಾಜೆಕ್ಟ್‌ನಿಂದ ಬಿಟ್ಟರು. ನನ್ನ ಕೆಲಸದಲ್ಲಿ ಯಾರೂ ಒಂದು ತಪ್ಪು ಹೇಳಿರಲಿಲ್ಲ. ಆದರೂ ದಿನಾ ಬೆಳಿಗ್ಗೆ ಒಂದು ಕಾಲ್, "ನಿನ್ನೆ ಪ್ರಾಜೆಕ್ಟ್ ಕೇಳಿ ಎಷ್ಟು ಜನ ಮ್ಯಾನೇಜರ್‌ಗಳಿಗೆ ಮೇಲ್ ಹಾಕಿದ್ರಿ?" ಅಂತ. ಜನರನ್ನು ಪ್ರಾಜೆಕ್ಟ್‌ಗೆ ಹಾಕುವ ಟೀಮ್ ನಮ್ಮನ್ನು 'ರಿಸೋರ್ಸ್' ಅಂತಲೇ ಕರೆಯುತ್ತದೆ. ಎಂಟು ವರ್ಷ ಜಾವಾದಲ್ಲಿ ಪ್ರೋಗ್ರಾಂ ಬರೆದವನಿಗೆ, ಬೇರೆಯವರು ಬರೆದಿದ್ದನ್ನು ಪರೀಕ್ಷೆ ಮಾಡುವ ಟೆಸ್ಟಿಂಗ್ ಕೆಲಸ ಕೊಟ್ಟು, ಬೇಡ ಅಂದರೆ "ರಿಜೆಕ್ಟ್ ಮಾಡಿದ" ಅಂತ ಬರೆದುಕೊಳ್ಳುತ್ತಾರೆ. ಒಳಗೇ ಇಂಟರ್‌ವ್ಯೂ, ಆಮೇಲೆ ಕ್ಲೈಂಟ್ ಇಂಟರ್‌ವ್ಯೂ. ಅದೇ ಕಂಪನಿಯಲ್ಲಿ ಇದ್ದುಕೊಂಡೇ ಮತ್ತೆ ಮತ್ತೆ ಕೆಲಸ ಹುಡುಕಬೇಕು.

ವರ್ಷದ ಕೊನೆಗೆ ಅಪ್ರೈಸಲ್, ಅಂದರೆ ಆ ವರ್ಷದ ಕೆಲಸ ನೋಡಿ ರೇಟಿಂಗ್ ಕೊಡುವುದು. ಆರು ತಿಂಗಳು ಅಮೆರಿಕದ ಕ್ಲೈಂಟ್ ಜೊತೆ ರಾತ್ರಿ ಕಾಲ್‌ಗಳಲ್ಲಿ ಕೂತಿದ್ದೇನೆ. ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ 9 ಅಂದರೆ ನಮಗೆ ಚಳಿಗಾಲದಲ್ಲಿ ಸಂಜೆ 7:30. ಅಲ್ಲಿಂದ ಶುರುವಾದರೆ ಮಗಳು ಮಲಗಿದ ಮೇಲೆ ಮುಗಿಯುತ್ತಿತ್ತು. ಅಷ್ಟೆಲ್ಲ ಮಾಡಿದರೂ ಬೆಂಚ್‌ನಲ್ಲಿದ್ದ ಎರಡು ತಿಂಗಳೇ ರೇಟಿಂಗ್ ಇಳಿಸಿತು. ಇದು ನನಗೆ ಇವತ್ತಿಗೂ ಸರಿ ಅನ್ನಿಸಿಲ್ಲ.

ಈಗ ಇದು ಇನ್ನೂ ಬಿಗಿಯಾಗಿದೆ. 2025ರ ಜೂನ್‌ನಲ್ಲಿ ಟಾಟಾದವರ ಐಟಿ ಕಂಪನಿ ಟಿಸಿಎಸ್ ನಿಯಮ ಬದಲಿಸಿತು. ಒಬ್ಬೊಬ್ಬ ಉದ್ಯೋಗಿಯೂ ವರ್ಷಕ್ಕೆ ಕನಿಷ್ಠ 225 ದಿನ ಬಿಲ್ ಆಗಬೇಕು, ಬೆಂಚ್ 35 ದಿನ ದಾಟಬಾರದು. ಮರುತಿಂಗಳೇ ಸುಮಾರು 12,000 ಜನರನ್ನು, ಅಂದರೆ ಶೇಕಡಾ 2ರಷ್ಟು ಉದ್ಯೋಗಿಗಳನ್ನು ಕಡಿಮೆ ಮಾಡುವುದಾಗಿ ಹೇಳಿತು. ಅದರಲ್ಲಿ ಮಧ್ಯಮ ಮತ್ತು ಹಿರಿಯ ಹಂತದವರೇ ಜಾಸ್ತಿ. ಆ ಹಂತ ಅಂದರೆ ನನ್ನ ವಯಸ್ಸಿನವರು. ಮನೆ ಸಾಲ ಇರುವವರು, ಮಕ್ಕಳ ಸ್ಕೂಲ್ ಫೀಸು ಕಟ್ಟುವವರು.

ಕಂಪನಿಗೆ ಲಾಭ ಬೇಡ ಅಂತ ನಾನು ಹೇಳುತ್ತಿಲ್ಲ. ಜಿಲ್ಲೆಯ ಸಾಧಾರಣ ಕಾಲೇಜಿನಲ್ಲಿ ಓದಿದ ನನ್ನಂಥ ಸಾವಿರಾರು ಜನರನ್ನು ಕರೆದು, ತಿಂಗಳುಗಟ್ಟಲೆ ಸಂಬಳ ಕೊಟ್ಟು ಕಲಿಸಿದ್ದು ಇವೇ ಕಂಪನಿಗಳು. ನಮ್ಮ ಮನೆಗೆ ಆರ್‌ಸಿಸಿ ಬಂದಿದ್ದು, ತಂಗಿ ಓದಿದ್ದು ಈ ಸಂಬಳದಲ್ಲೇ. ಆ ಋಣ ನನಗಿದೆ. ಆದರೆ ಪ್ರಾಜೆಕ್ಟ್ ತರುವುದು ಸೇಲ್ಸ್‌ನವರ ಕೆಲಸ. ಯಾವ ಸ್ಕಿಲ್‌ಗೆ ಬೇಡಿಕೆ ಬರುತ್ತದೆ ಅಂತ ಮುಂಚೆಯೇ ನೋಡಿ ಕಲಿಸುವುದು ಆಡಳಿತದ ಕೆಲಸ. ಆ ಎರಡೂ ತಪ್ಪಿದಾಗ ಮೇಲಿನವರು ಹೊರಬೇಕಾದ ಭಾರವನ್ನು ಕೆಳಗಿನವನ ತಲೆ ಮೇಲೆ ಇಡುತ್ತಾರೆ, ಜೊತೆಗೆ ನಾಚಿಕೆಯನ್ನೂ. ನಾನು ಒಪ್ಪದೇ ಇರುವುದು ಇದನ್ನು.

ಈಗ ಬೆಂಚ್‌ನಲ್ಲಿ ಇರುವವರಿಗೆ ಎರಡು ಮಾತು. ಮೂರನೇ ಸಲ ನಾನು ಮಾಡಿದ್ದು ಇದನ್ನೇ. ನೀವು ಹಾಕಿದ ಪ್ರತಿ ಮೇಲ್, ಕೊಟ್ಟ ಪ್ರತಿ ಇಂಟರ್‌ವ್ಯೂ, ಬಂದ ಪ್ರತಿ ಉತ್ತರವನ್ನು ತಾರೀಕಿನ ಸಮೇತ ಬರೆದಿಡಿ. ಫೋನಿನಲ್ಲಿ ಹೇಳಿದ್ದನ್ನು ಮೇಲ್‌ನಲ್ಲಿ ಕೇಳಿ.

ಇನ್ನೊಂದು, ಮೀಟಿಂಗ್ ರೂಮಿಗೆ ಕರೆದು "ಈಗಲೇ ರಾಜೀನಾಮೆ ಹಾಕಿ, ರೆಕಾರ್ಡ್ ಚೆನ್ನಾಗಿರುತ್ತೆ" ಅಂದರೆ ಅಲ್ಲೇ ಕೂತು ಟೈಪ್ ಮಾಡಬೇಡಿ. ನೀವಾಗಿ ರಾಜೀನಾಮೆ ಕೊಟ್ಟರೆ, ಕೆಲಸದಿಂದ ತೆಗೆದರು ಅಂತ ಆಮೇಲೆ ತೋರಿಸುವುದು ತುಂಬಾ ಕಷ್ಟ. "ನಾಳೆ ಹೇಳುತ್ತೇನೆ" ಅಂತ ಹೇಳಿ ಎದ್ದು ಬನ್ನಿ. ಮನೆಯವರ ಜೊತೆ ಮಾತಾಡಿ. ಐಟಿ ಉದ್ಯೋಗಿಗಳಿಗೆ ಕರ್ನಾಟಕದಲ್ಲಿ ಕೆಐಟಿಯು ಅನ್ನುವ ಯೂನಿಯನ್ ಇದೆ, ಕಾರ್ಮಿಕ ಇಲಾಖೆ ಇದೆ. ಒಂದು ರಾತ್ರಿ ಕಳೆದ ಮೇಲೆ, ನಿಮಗೆ ಸರಿ ಅನ್ನಿಸಿದ್ದನ್ನು ಬರೆಯಿರಿ.