ಜೀನ್ ಟೆಸ್ಟಿಗಿಂತ ಮೊದಲ ಫಾರ್ಮಾಲಿನ್ ಡಬ್ಬಿ ನೋಡ್ರಿ

ನಮಸ್ಕಾರ್ರಿ. ಲಿವರ್ ಕ್ಯಾನ್ಸರ್ ಆಪರೇಷನ್ ಆದ ಮ್ಯಾಲ ಕಲಬುರಗಿ ಇರ್ಲಿ, ಬೀದರ ಇರ್ಲಿ, ಮನಿ ಮಂದಿ ಕೇಳೋದು ಒಂದ: "ಇದು ಮತ್ತ ಬರ್ತದೇನ್ರಿ ಡಾಕ್ಟ್ರೇ?" ಯಾವ ಜೀನ್ ಎಷ್ಟು ಜೋರ್ ಕೆಲಸ ಮಾಡ್ಲಾಕತ್ತದ ಅಂತ ಆರ್‌ಎನ್‌ಎ (ಜೀನ್ ಕೆಲಸ ಮಾಡುವಾಗ ತಯಾರಾಗೋ ಅದರ ನಕಲು) ಅಳದು ಇದಕ್ಕ ಉತ್ತರ ಹೇಳಬಹುದು ಅನ್ನೋದು ಖರೇ ಅದ. ಆದ್ರ ಆ ಉತ್ತರ ಎಲ್ಲಿ ಅದ ಅನ್ನೋದ ನಾವು ಮರ್ತೀವಿ.

2008ರಾಗ ಬಂದ ಒಂದು ದೊಡ್ಡ ಅಧ್ಯಯನದಾಗ, ಬದುಕುಳಿಯೋದನ್ನ ಹೇಳಿದ 186 ಜೀನ್ ಸಿಕ್ಕಿದ್ದು ಗಡ್ಡಿಯೊಳಗ ಅಲ್ರಿ, ಗಡ್ಡಿ ಪಕ್ಕದ ಲಿವರ್‌ನಾಗ. ಯಾಕಂದ್ರ ಸಿರೋಸಿಸ್ ಆದ, ಅಂದ್ರ ಕಲೆಗಟ್ಟಿ ಗಟ್ಟಿಯಾದ ಲಿವರ್ ಆಪರೇಷನ್ ಆದ ಮ್ಯಾಲೂ ಒಳಗ ಉಳದಿರ್ತದ, ಅದರಾಗ ಹೊಸ ಗಡ್ಡಿ ಹುಟ್ತದ. 24 ವರ್ಷಕ್ಕಿಂತ ಹಳೇ ಪ್ಯಾರಾಫಿನ್ ಬ್ಲಾಕ್‌ನಿಂದಾನೂ (ತುಂಡನ್ನ ಮೇಣದಾಗ ಕೂಡಿಸಿಟ್ಟಿದ್ದು) ಅಲ್ಲಿ ಮಾಹಿತಿ ತಗದಾರ. ಅದಕ್ಕ ಆಸ್ಪತ್ರಿಯವರಿಗೆ ನಾ ಹೇಳೋದು: ಗಡ್ಡಿಯಿಂದ ದೂರ ಇರೋ ಲಿವರ್‌ನದೂ ಒಂದು ಬ್ಲಾಕ್ ಬೇರೆ ಹೆಸರು ಹಾಕಿ ಇಡ್ರಿ.

ಇನ್ನ ಫಾರ್ಮಾಲಿನ್ ಡಬ್ಬಿ ಮಾತು, ಅಂದ್ರ ತುಂಡು ಕೆಡದಂಗ ಇಡೋ ದ್ರಾವಣದ ಡಬ್ಬಿ. ನಮ್ಮ ಕಡಿ ಮೇ ತಿಂಗಳದಾಗ ಬಿಸಲು 42 ಡಿಗ್ರಿ. ಥಿಯೇಟರ್‌ನಾಗ ತಗದ ತುಂಡು ಫಾರ್ಮಾಲಿನ್ ಕಾಣದ ಎರಡು ತಾಸು ಟ್ರೇನಾಗ ಕುಂತ್ರ ಆರ್‌ಎನ್‌ಎ ಚೂರಾಗ್ಲಾಕ ಶುರು. ಒಂದು ತಾಸಿನೊಳಗ ಮುಳಗಿಸ್ರಿ. ತುಂಡಿನ ಹತ್ತು ಪಟ್ಟು ಫಾರ್ಮಾಲಿನ್ ಬೇಕು, ಅದೂ ಬಫರ್ (ಆಸಿಡ್ ಆಗದಂಗ ತಡೆಯೋ ಲವಣ) ಹಾಕಿದ 10% ಫಾರ್ಮಾಲಿನ್. ನಳದ ನೀರು ಕಲಸಿದ್ದು ದಿನ ಕಳದಂಗ ಆಸಿಡ್ ಆಗ್ತದ. ದ್ರಾವಣ ಒಳಗ ಹೋಗೋದು ತಾಸಿಗೆ ಸುಮಾರು 1 ಮಿಲಿಮೀಟರ್. ಮುಷ್ಟಿ ಗಾತ್ರದ ಲಿವರ್ ಹಂಗ ಮುಳಗಿಸಿದ್ರ ಮ್ಯಾಲಿನ ಪದರ ಬೂದಿ ಬಣ್ಣ ಆಗಿ ಗಟ್ಟಿ ಆಗ್ತದ, ಕೊಯ್ದು ನೋಡಿದ್ರ ನಡುವ ಇನ್ನಾ ಕೆಂಪಗ, ಮೆತ್ತಗ. ಆ ನಡುಭಾಗ ಕೊಳೀತದ. ಅದಕ್ಕ ಮೊದಲ ಅರ್ಧ ಸೆಂಟಿಮೀಟರ್ ಸ್ಲೈಸ್ ಮಾಡ್ರಿ. ಶನಿವಾರ ಹಾಕಿದ್ದನ್ನ ಬುಧವಾರ ತನಕ ಬಿಡೋದೂ ತಪ್ಪ. 72 ತಾಸು ದಾಟಬಾರ್ದು.

ಕಂಪ್ಯೂಟರ್ ಮುಂದ ಕುಂತವರಿಗೂ ಒಂದು ಮಾತು. ಟಿಸಿಜಿಎ (ಅಮೆರಿಕದ ಕ್ಯಾನ್ಸರ್ ಜೀನ್ ಮಾಹಿತಿ ಭಂಡಾರ) ಲಿವರ್ ಡೇಟಾದಾಗ ಗಡ್ಡಿ ಸ್ಯಾಂಪಲ್ ಸುಮಾರು 370, ಜೀನ್ 20,000. ಎಲ್ಲಾ ರೋಗಿಗಳನ್ನ ನೋಡಿ ಜೀನ್ ಆರಿಸಿ, ಆಮ್ಯಾಲ ಅದೇ ಡೇಟಾ ಎರಡು ಪಾಲು ಮಾಡಿ "ಪರೀಕ್ಷೆ ಪಾಸ್" ಅಂದ್ರ ಹ್ಯಾಂಗ್ರಿ? ಪ್ರಶ್ನೆಪತ್ರಿಕೆ ಮೊದಲ ಕೊಟ್ಟಂಗ ಆತು. ಬ್ಯಾರೆ ಆಸ್ಪತ್ರಿ, ಬ್ಯಾರೆ ಮಷೀನ್, ನಮ್ಮ ಭಾಗದ ರೋಗಿಗಳು, ಅಲ್ಲೂ ಆ ಜೀನ್ ಪಟ್ಟಿ ನಿಂತ್ರ ಮಾತ್ರ ನಂಬ್ತೀನಿ.

ಮನಿಯವರು ಇವತ್ತ ಇಂಥ ಟೆಸ್ಟಿಗೆ ಸಾಲ ಮಾಡಬ್ಯಾಡ್ರಿ. ಮೊದಲ ಎರಡು ವರ್ಷ 3ರಿಂದ 6 ತಿಂಗಳಿಗೊಮ್ಮೆ ಸ್ಕ್ಯಾನ್, ಎಎಫ್‌ಪಿ (ಲಿವರ್ ಕ್ಯಾನ್ಸರ್‌ನಾಗ ಏರಬಹುದಾದ ಪ್ರೋಟೀನ್) ರಕ್ತ ಪರೀಕ್ಷೆ ತಪ್ಪಿಸಬ್ಯಾಡ್ರಿ. ಹೈದರಾಬಾದಿಗೋ ಬೆಂಗಳೂರಿಗೋ ಹೋಗೋದಿದ್ರ ರಿಪೋರ್ಟ್ ಸಂಗಟ ಬ್ಲಾಕ್ ಕೇಳಿ ತಗೊಳ್ರಿ, ನಂಬರ್ ಹೊಂದ್ತದೇನು ನೋಡ್ರಿ, ಬಿಸಲಿಗೆ ನಿಂತ ಕಾರ್‌ನಾಗ ಇಡಬ್ಯಾಡ್ರಿ, ಅದು ಮೇಣ.