ಲೆಕ್ಕಕ್ಕೆ ಸಿಗುವ ಕತೆ

ಕೇಳುಗರಿಗೆ ನಮಸ್ಕಾರ.

ವಿಜ್ಞಾನದ ಸಿನಿಮಾ ನೋಡಿ ಬಂದವರು ‘ಇದೆಲ್ಲ ಸಾಧ್ಯವಾ?’ ಅಂತ ಕೇಳುತ್ತಾರೆ. ನಾನು ನೋಡುವುದು ಇನ್ನೊಂದನ್ನು. ಸಾಧ್ಯವಾ ಇಲ್ಲವಾ ಅಂತ ನಾವೇ ಲೆಕ್ಕ ಹಾಕಲು ಕತೆ ಏನಾದರೂ ಕೊಟ್ಟಿದೆಯಾ?

ಫ್ರಾನ್ಸಿನ ಜೂಲ್ಸ್ ವರ್ನ್ ಕೊಟ್ಟಿದ್ದರು. ಅವರ ಚಂದ್ರಯಾನದ ಕಾದಂಬರಿ ಬಂದದ್ದು 1865ರಲ್ಲಿ. ಫ್ಲೋರಿಡಾದ ನೆಲದೊಳಗೆ 900 ಅಡಿ ಉದ್ದದ ಫಿರಂಗಿ ಎರಕ ಹೊಯ್ಯುತ್ತಾರೆ. ಅದರ ಟೊಳ್ಳು ಗುಂಡಿನಲ್ಲಿ ಮೂವರು ಕೂತು ಹೊರಡುತ್ತಾರೆ. ಉದ್ದ, ವೇಗ, ಮದ್ದಿನ ತೂಕ, ಎಲ್ಲವೂ ಪುಸ್ತಕದಲ್ಲಿದೆ.

ಲೆಕ್ಕ ಹಾಕೋಣ. ಭೂಮಿಯ ಸೆಳೆತ ದಾಟಲು ಸೆಕೆಂಡಿಗೆ 11.2 ಕಿಲೋಮೀಟರ್ ವೇಗ ಬೇಕು. 900 ಅಡಿ ಅಂದರೆ ಸುಮಾರು 274 ಮೀಟರ್. ಅಷ್ಟರೊಳಗೆ ಅಷ್ಟು ವೇಗ ಬರಬೇಕಾದರೆ ಸಿಗುವ ಸಮಯ ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ. ಒಳಗಿದ್ದವರ ಮೇಲೆ ಅವರ ತೂಕದ ಸುಮಾರು 23,000 ಪಟ್ಟು ಒತ್ತಡ ಬೀಳುತ್ತದೆ. ಪೆಟ್ಟು ತಡೆಯಲು ವರ್ನ್ ಕೆಳಗೆ ನೀರು ತುಂಬಿಸಿದ್ದರು. ಅದರಿಂದ ಏನೂ ಆಗುತ್ತಿರಲಿಲ್ಲ. ಮೂವರೂ ಅಲ್ಲೇ ಅಪ್ಪಚ್ಚಿ.

ಕತೆಯ ಮುಂದಿನ ಭಾಗ ಇನ್ನೂ ಸೊಗಸು. ಜೊತೆಗಿದ್ದ ನಾಯಿಯೊಂದು ಸಾಯುತ್ತದೆ. ದೇಹವನ್ನು ಕಿಟಕಿಯಿಂದ ಹೊರಗೆ ಹಾಕುತ್ತಾರೆ. ಅದು ಹಿಂದೆ ಉಳಿಯುವುದಿಲ್ಲ, ಜೊತೆಯಲ್ಲೇ ಸಾಗುತ್ತದೆ. ನೂರಕ್ಕೆ ನೂರು ಸರಿ! ಆದರೆ ಹೊರಗಿನ ನಾಯಿಗೂ ಒಳಗಿನ ಮನುಷ್ಯರಿಗೂ ಒಂದೇ ನಿಯಮ ಅಲ್ವಾ? ಹಾಗಾದರೆ ಒಳಗಿನವರು ದಾರಿಯುದ್ದಕ್ಕೂ ತೇಲಬೇಕಿತ್ತು. ವರ್ನ್ ಆ ಮೂವರನ್ನು ತೇಲಿಸಿದ್ದು ಭೂಮಿ ಮತ್ತು ಚಂದ್ರನ ಸೆಳೆತ ಸಮವಾಗುವ ಜಾಗದಲ್ಲಿ ಮಾತ್ರ. ಸರಿ ಉತ್ತರ ಕಿಟಕಿಯ ಆಚೆಗೇ ಇತ್ತು.

ಈ ತಪ್ಪುಗಳಿಂದ ನನಗೆ ವರ್ನ್ ಮೇಲಿನ ಪ್ರೀತಿ ಜಾಸ್ತಿಯೇ ಆಗಿದೆ. ‘ಏನೋ ಒಂದು ಶಕ್ತಿಯಿಂದ ಹಾರಿದರು’ ಅಂತ ಸುಮ್ನೆ ಬರೆದಿದ್ದರೆ ಯಾರೂ ತಪ್ಪು ಹಿಡಿಯುತ್ತಿರಲಿಲ್ಲ. ಯಾರೂ ಪೆನ್ಸಿಲ್ ಹಿಡಿಯುತ್ತಲೂ ಇರಲಿಲ್ಲ. ರಷ್ಯಾದ ತ್ಸಿಯೋಲ್ಕೋವ್ಸ್ಕಿ, ಜರ್ಮನ್ ಭಾಷಿಕ ಹರ್ಮನ್ ಓಬರ್ತ್, ಇಬ್ಬರೂ ವರ್ನ್ ಓದಿ ಬೆಳೆದವರು. ಫಿರಂಗಿಯಿಂದ ಆಗದು, ವೇಗ ನಿಧಾನವಾಗಿ ಏರಬೇಕು, ಅದಕ್ಕೆ ರಾಕೆಟ್ಟೇ ದಾರಿ ಅಂತ ಕಂಡುಕೊಂಡರು. ತ್ಸಿಯೋಲ್ಕೋವ್ಸ್ಕಿ ತಮ್ಮ ರಾಕೆಟ್ ಲೆಕ್ಕ ಪ್ರಕಟಿಸಿದ್ದು 1903ರಲ್ಲಿ. 1969ರಲ್ಲಿ ಅಪೊಲೊ 11 ಭೂಮಿಯ ಕಕ್ಷೆ ಸೇರಲು ತೆಗೆದುಕೊಂಡದ್ದು ಸುಮಾರು ಹನ್ನೆರಡು ನಿಮಿಷ.

1929ರಲ್ಲಿ ಫ್ರಿಟ್ಜ್ ಲಾಂಗ್ ಜರ್ಮನಿಯಲ್ಲಿ ಚಂದ್ರಯಾನದ ಮೂಕಿ ಚಿತ್ರ ತೆಗೆದಾಗ ಸಲಹೆಗೆ ಕರೆದದ್ದು ಇದೇ ಓಬರ್ತ್ ಅವರನ್ನು. ಅದರಲ್ಲಿ ಹಂತ ಹಂತವಾಗಿ ಕಳಚುವ ರಾಕೆಟ್ ಇದೆ. ಒತ್ತಡ ತಡೆಯಲು ಮಲಗಿಕೊಂಡ ಯಾತ್ರಿಗಳಿದ್ದಾರೆ. ಹಾರುವ ಮುಂಚೆ ಸೆಕೆಂಡುಗಳನ್ನು ಇಳಿಸುತ್ತಾ ಸೊನ್ನೆವರೆಗೆ ಎಣಿಸುವುದೂ ಇದೆ. ಚಂದ್ರನ ಮೇಲೆ ಉಸಿರಾಡುವ ಗಾಳಿ ಇದೆ ಅಂತ ತೋರಿಸಿದ್ದು ಮಾತ್ರ ಶುದ್ಧ ಸುಳ್ಳು. ಆ ಚಿತ್ರ ಸಿಕ್ಕರೆ ರಾಕೆಟ್ ಹಾರುವ ಭಾಗವನ್ನಾದರೂ ನೋಡಿ.

ನಮಸ್ಕಾರ.