ಸ್ಪೀಕರ್ ಬಿಚ್ಚುವ ಮೊದಲು

ಕೇಳುಗರಿಗೆ ನಮಸ್ಕಾರ. ಮಳೆಗಾಲ ಮುಗಿಯಿತು, ಅಟ್ಟದಲ್ಲಿದ್ದ ರೆಕಾರ್ಡ್ ಪ್ಲೇಯರ್ ಕೆಳಗಿಳಿಯಿತು. ಪ್ಲೇಟು ಇಟ್ಟರೆ ಒಂದು ಸ್ಪೀಕರ್ ಹಾಡುತ್ತದೆ, ಇನ್ನೊಂದು ಸುಮ್ಮನಿದೆ. ತಕ್ಷಣ ಸ್ಕ್ರೂಡ್ರೈವರ್ ಹುಡುಕುತ್ತೀರಿ. ದಯವಿಟ್ಟು ಬೇಡ. ಮೊದಲು ಎಡ-ಬಲ ಅದಲುಬದಲು ಮಾಡಿ ನೋಡಿ.

ಆಂಪ್ಲಿಫೈಯರ್ ಆಫ್ ಮಾಡಿ. ಅದರ ಹಿಂದೆ ಎಡ ಸ್ಪೀಕರಿನ ವೈರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ. ಕೆಂಪು-ಕಪ್ಪು ತಪ್ಪಬಾರದು. ಈಗಲೂ ಅದೇ ಪೆಟ್ಟಿಗೆ ಮೂಕವಾಗಿದ್ದರೆ ದೋಷ ಸ್ಪೀಕರಿನದು, ಇಲ್ಲವೇ ಅದರ ವೈರಿನದು. ಮೌನ ಆಚೆ ಪೆಟ್ಟಿಗೆಗೆ ದಾಟಿದರೆ ಸ್ಪೀಕರ್ ಸರಿಯಾಗೇ ಇದೆ, ಮುಟ್ಟಬೇಡಿ. ವೈರು ಮೊದಲಿನಂತೆ ಹಾಕಿ, ಆಫ್ ಮಾಡಿಯೇ, ಪ್ಲೇಯರಿನಿಂದ ಬರುವ ಕೆಂಪು, ಬಿಳಿ ಪಿನ್ನುಗಳನ್ನು ಅದಲುಬದಲು ಮಾಡಿ. ಮೌನ ದಾಟಿದರೆ ದೋಷ ಪ್ಲೇಯರಿನಲ್ಲಿ, ದಾಟದಿದ್ದರೆ ಆಂಪ್ಲಿಫೈಯರಿನಲ್ಲಿ.

ತೀರ್ಥಹಳ್ಳಿ ಕಡೆಯ ಒಂದು ತೋಟದ ಮನೆಯವರು ಇಷ್ಟನ್ನು ಮಾಡಲಿಲ್ಲ. ಮೂಕ ಸ್ಪೀಕರನ್ನು ಬಸ್ಸಿಗೆ ಹೇರಿ ಶಿವಮೊಗ್ಗಕ್ಕೆ ತಂದರು. ಸ್ಪೀಕರಿನೊಳಗೆ ಅದುರುವ ಕೋನು ಬದಲಾಯಿತು. ಮನೆಗೆ ಒಯ್ದು ಹಾಕಿದರೆ ಮತ್ತೆ ಮೂಕ. ಹೊಸ ವೈರು ಎಳೆದರು, ಆಗಲೂ ಮೂಕ. ಕೊನೆಗೆ ಮನೆಯ ಹುಡುಗಿ ಪಿನ್ನು ಅದಲುಬದಲು ಮಾಡಿದಳು, ಮೌನ ಆಚೆ ಬದಿಗೆ ಹೋಯಿತು! ಪ್ಲೇಯರಿನ ಮುಳ್ಳು ಹಿಡಿದಿರುವ ಕಾರ್ಟ್ರಿಜ್ಜಿನ ಹಿಂದೆ ನಾಲ್ಕು ಸಪೂರ ವೈರುಗಳಿರುತ್ತವೆ: ಬಿಳಿ, ನೀಲಿ ಎಡಕ್ಕೆ, ಕೆಂಪು, ಹಸಿರು ಬಲಕ್ಕೆ. ಅಲ್ಲಿ ಕೆಂಪು ವೈರಿನ ಕ್ಲಿಪ್ಪಿಗೆ ಕಿಲುಬು ಹಿಡಿದಿತ್ತು. ನಮ್ಮ ಮಳೆಯ ತೇವ ಮಾಡುವ ಕೆಲಸವೇ ಅದು. ಚಿಮಟದಲ್ಲಿ ಕ್ಲಿಪ್ಪು ಎಳೆದು, ಕಾಂಟ್ಯಾಕ್ಟ್ ಕ್ಲೀನರ್ ಅದ್ದಿದ ಹತ್ತಿಕಡ್ಡಿಯಲ್ಲಿ ಒರೆಸಿ ಕೂರಿಸಿದರು. ಎರಡೂ ಹಾಡಿದವು. ಆ ಜಾಗಕ್ಕೆ ಸೋಲ್ಡರಿಂಗ್ ಕಡ್ಡಿ ಮಾತ್ರ ತಾಗಿಸಬೇಡಿ, ಬಿಸಿಗೆ ಒಳಗಿನ ಸುರುಳಿ ಹೋಗುತ್ತದೆ. ಕೋನಿಗೆ ಕೊಟ್ಟ ದುಡ್ಡು ದಂಡ. ಅದಕ್ಕೇ ಹೇಳುವುದು, ಮೊದಲು ಅದಲುಬದಲು.

ಸಮಯವಾಗುತ್ತಿದೆ, ಉಳಿದದ್ದು ಬೇಗ ಹೇಳುತ್ತೇನೆ. ಎರಡೂ ಕಡೆ ದನಿ ಕ್ಷೀಣವಾಗಿ, ಕೀರಲಾಗಿ ಬಂದರೆ ಪಿನ್ನು ಆಂಪ್ಲಿಫೈಯರಿನ ಆಕ್ಸ್ ತೂತಿನಲ್ಲಿದೆ, ಅದು ಜೋರು ಸಿಗ್ನಲ್ಲಿಗೆ. ಸಾಮಾನ್ಯ ಕಾರ್ಟ್ರಿಜ್ ಕೊಡುವುದು ಸುಮಾರು 5 ಮಿಲಿವೋಲ್ಟ್ ಮಾತ್ರ, ರೆಕಾರ್ಡ್ ಪ್ಲೇಯರಿಗೆಂದೇ ಇರುವ ಫೋನೊ ತೂತಿಗೇ ಹಾಕಿ. ಅದಿಲ್ಲದಿದ್ದರೆ ನಡುವೆ ಆ ಸಿಗ್ನಲನ್ನು ಹಿಗ್ಗಿಸುವ ಫೋನೊ ಪ್ರೀಆಂಪ್ ಬೇಕು. ಪ್ಲೇಟು ಕೊರೆಯುವಾಗ ತಗ್ಗಿಸಿದ ಮಂದ್ರವನ್ನು ಮತ್ತೆ ಎತ್ತುವುದು ಅದೇ. ಗುಂಯ್ ಎಂದರೆ ಪ್ಲೇಯರಿನ ಅರ್ಥ್ ವೈರು ಸಡಿಲವಾಗಿದೆ, ಆಂಪ್ಲಿಫೈಯರಿನ ಸ್ಕ್ರೂವಿಗೆ ಬಿಗಿಯಿರಿ. ವಾಲ್ಯೂಮ್ ಏರಿಸಿದಾಗ ಊಳಿಟ್ಟರೆ ಸ್ಪೀಕರೂ ಪ್ಲೇಯರೂ ಒಂದೇ ಮೇಜಿನ ಮೇಲಿವೆ. ನಮ್ಮ ಹಲಗೆ ನೆಲದ ಮಾಳಿಗೆಯಲ್ಲಂತೂ ಪ್ಲೇಯರನ್ನು ಗೋಡೆಗೆ ಬಡಿದ ಹಲಗೆಯ ಮೇಲಿಡಿ. ಎರಡೂ ಕಡೆ ಚಟಪಟ ಎಂದರೆ ಪ್ಲೇಟಿಗೆ ಬೂಸಲು ಬಂದಿರುತ್ತದೆ. ಡಿಸ್ಟಿಲ್ಡ್ ವಾಟರ್ ಹನಿಸಿದ ಮೆತ್ತನೆ ಬಟ್ಟೆಯಲ್ಲಿ ಗೆರೆಯ ಗುಂಟ ಒರೆಸಿ. ಅಜ್ಜನ ಕಾಲದ 78 ಸುತ್ತಿನ ಅರಗಿನ ಪ್ಲೇಟಿಗೆ ಸ್ಪಿರಿಟ್ ಸೋಕಿಸಬೇಡಿ, ಅರಗು ಕರಗುತ್ತದೆ. ನಮಸ್ಕಾರ.